ಮುಚ್ಚಿದ ಪಾತ್ರೆಗಳ ಊರು

ನಾನು ಬೆಳೆದದ್ದು ಐರಿಷ್ ಜನರ ಊರಿನಲ್ಲಿ ಎಂದರೆ ಯಾರೂ ನಂಬುವುದಿಲ್ಲ. ಮೈಸೂರಿನ ನೆಂಟರಂತೂ ಅಮೆರಿಕದಲ್ಲಿ ಐರಿಷ್ ಎಲ್ಲಿಂದ ಬಂತು ಎಂದು ನಕ್ಕು ಮಾತು ಬದಲಿಸುತ್ತಾರೆ. ಆದರೆ ಡನ್‌ಕೆರಿಯಲ್ಲಿ ಒಂದು ವಾರ ಇದ್ದವರಿಗೂ ಅದು ತಿಳಿಯದೆ ಇರುತ್ತಿರಲಿಲ್ಲ. ಮಿಷಿಗನ್ ರಾಜ್ಯದ ಡೆಟ್ರಾಯಿಟ್‌ನಿಂದ ಉತ್ತರಕ್ಕೆ, ಈಗ ರಾಚೆಸ್ಟರ್ ಹಿಲ್ಸ್ ಎಂದು ಕರೆಸಿಕೊಳ್ಳುವ ಊರನ್ನೂ ದಾಟಿ ಇನ್ನಷ್ಟು ಮೈಲಿ ಹೋದರೆ ಸಿಗುತ್ತಿದ್ದ ಪುಟ್ಟ ಊರು ಅದು. ಅಲ್ಲಿ ಅಂಗಡಿಯವನೂ ಐರಿಷ್, ಪೊಲೀಸಿನವನೂ ಐರಿಷ್, ಚರ್ಚಿನ ಹಿಂದಿನ ದಿಬ್ಬದಲ್ಲಿ ಮಣ್ಣಾದವರೂ ಐರಿಷ್. ಮಾರ್ಚಿ ತಿಂಗಳಲ್ಲಿ ಬರುವ ಐರಿಷ್ ಸಂತನ ಹಬ್ಬಕ್ಕೆ, ಮೂಳೆ ಕೊರೆಯುವ ಚಳಿಯಲ್ಲೂ ಊರಿಗೆ ಊರೇ ಹಸಿರು ಬಟ್ಟೆ ಹಾಕಿಕೊಂಡು, ಡೋಲು ಬಾರಿಸಿಕೊಂಡು ಮುಖ್ಯ ರಸ್ತೆಯಲ್ಲಿ ಮೆರವಣಿಗೆ ಹೋಗುತ್ತಿತ್ತು. ಇಡೀ ಊರಿಗೆ ನಮ್ಮದೊಂದೇ ಇಂಡಿಯಾದವರ ಮನೆ. ಮೆರವಣಿಗೆಯ ದಿನ ಅಮ್ಮ ಗಿಳಿಹಸಿರು ಬಣ್ಣದ ಮೈಸೂರು ರೇಷ್ಮೆ ಸೀರೆಯ ಮೇಲೆ ದಪ್ಪ ಕೋಟು ತೊಟ್ಟು ಬೀದಿ ಬದಿಯಲ್ಲಿ ನಿಲ್ಲುತ್ತಿದ್ದಳು. ಕೋಟಿನ ಕೆಳಗೆ ಇಣುಕುವ ಜರಿ ಅಂಚನ್ನು ನೋಡಿ ಜನ ಚಪ್ಪಾಳೆ ತಟ್ಟುತ್ತಿದ್ದರು. ಆಗ ಅಮ್ಮ ಪಟ್ಟ ಸಂತೋಷವನ್ನು ನಾನು ಮತ್ತೆಲ್ಲೂ ಅವಳ ಮುಖದ ಮೇಲೆ ನೋಡಲಿಲ್ಲ.

ಊರಿನ ಕತೆಯನ್ನು ನನಗೆ ಹೇಳಿದವರು ಪಕ್ಕದ ಮನೆಯ ನೋರಾ ಆಂಟಿ. ಅವರ ಗಂಡ ಟಾಮ್ ಅಂಕಲ್, ಅಪ್ಪ ಇಂಜಿನಿಯರಾಗಿದ್ದ ಕಾರ್ಖಾನೆಯಲ್ಲೇ ತಗಡು ಒತ್ತುವ ಪ್ರೆಸ್ ಮೆಷಿನ್ ನಡೆಸುತ್ತಿದ್ದರು. ಶಾಲೆಯಿಂದ ಬಂದ ಮೇಲೆ ನಾನು ಅವರ ಅಡುಗೆಮನೆಯ ಎತ್ತರದ ಸ್ಟೂಲಿನ ಮೇಲೆ ಕೂತರೆ, ನೋರಾ ಆಂಟಿ ಆಲೂಗಡ್ಡೆ ಸಿಪ್ಪೆ ಹೆರೆಯುತ್ತ ಶುರು ಮಾಡುತ್ತಿದ್ದರು. ಐರ್ಲೆಂಡಿನಲ್ಲಿ ಆಲೂಗಡ್ಡೆ ನೆಲದೊಳಗೇ ಕೊಳೆತು, ಜನ ಹೊಟ್ಟೆಗಿಲ್ಲದೆ ಸಾಯುತ್ತಿದ್ದ ಕಾಲದಲ್ಲಿ ಒಂದೇ ಹಳ್ಳಿಯ ಕೆಲವು ಮನೆಯವರು ಹಡಗು ಹತ್ತಿ ಬಂದರಂತೆ. ಒಳ್ಳೆಯ ಜಮೀನು ಕೊಳ್ಳುವ ಶಕ್ತಿ ಇಲ್ಲದೆ, ಯಾರಿಗೂ ಬೇಡವಾಗಿದ್ದ ಈ ಜೌಗು ನೆಲದಲ್ಲಿ ನಿಂತರಂತೆ. ಬಿಟ್ಟು ಬಂದ ಹಳ್ಳಿಯ ಹೆಸರನ್ನೇ ಇದಕ್ಕೂ ಇಟ್ಟರು. ಉಳುವಾಗ ಸಿಕ್ಕ ಕಲ್ಲುಗಳನ್ನು ಗಾಡಿಯಲ್ಲಿ ಹೇರಿಕೊಂಡು ಬಂದು ಚರ್ಚ್ ಕಟ್ಟಿದರು. ಯಾವ ಗೋಡೆಯಲ್ಲಿ ಯಾರ ಹೊಲದ ಕಲ್ಲಿದೆ ಎನ್ನುವುದು ನೋರಾ ಆಂಟಿಗೆ ಗೊತ್ತಿತ್ತು. ಆಮೇಲೆ ಹಳ್ಳದ ದಂಡೆಗೊಂದು ಹಿಟ್ಟಿನ ಗಿರಣಿ, ಅದರ ಹಿಂದೆ ರೈಲು, ಚರ್ಚಿನ ಎದುರಿಗೆ ಮದುವೆಗೂ ಚುನಾವಣೆಗೂ ಕುಣಿತಕ್ಕೂ ಒಂದೇ ಹಾಲ್. ಎರಡನೇ ಮಹಾಯುದ್ಧ ಮುಗಿದ ಮೇಲೆ ಕಾರಿನ ಬಾಗಿಲಿಗೆ ತಗಡು ಒತ್ತುವ ಕಾರ್ಖಾನೆ ಬಂತು. ಕಾರ್ಖಾನೆಯ ಹಿಂದೆಯೇ ಜನ ಬಂದರು, ಹೊಲಗಳೆಲ್ಲ ಸಾಲು ಮನೆಗಳ ಸಬ್‌ಡಿವಿಷನ್‌ಗಳಾದವು. ನಮ್ಮ ಮನೆ ನಿಂತಿದ್ದದ್ದು ಟಾಮ್ ಅಂಕಲ್ ಅವರ ಅಜ್ಜ ಬೀನ್ಸ್ ಬೆಳೆಯುತ್ತಿದ್ದ ಹೊಲದ ಮೇಲೆ. ನಮ್ಮ ರಸ್ತೆಗೆ ಆ ಅಜ್ಜನದೇ ಹೆಸರು. ಹೊಸ ಶಾಲೆ, ಹೊಸ ಲೈಬ್ರರಿ, ಎರಡನೇ ಸಿಗ್ನಲ್ ದೀಪ ಎಂದು ನೋರಾ ಆಂಟಿ ಊರಿನ ಬೆಳವಣಿಗೆಯನ್ನು ತಮ್ಮ ಮಗುವಿಗೆ ಹಲ್ಲು ಬಂದದ್ದನ್ನು ಹೇಳುವ ಹಾಗೆ ಹೇಳುತ್ತಿದ್ದರು. ಆ ಊರು ಎಂದಾದರೂ ಚಿಕ್ಕದಾಗಬಹುದು ಎಂದು ಅವರಿಗೂ ಅನ್ನಿಸಿರಲಿಕ್ಕಿಲ್ಲ.

ನಮ್ಮ ಮನೆಯಲ್ಲಿ ಅಡುಗೆಮನೆಯದೇ ಯಜಮಾನಿಕೆ. ಮೈಸೂರಿನ ಕೂಡುಮನೆಯಲ್ಲಿ ಅಮ್ಮ ಮೂರನೆಯ ಸೊಸೆ. ಅಲ್ಲಿ ಸಾರಿಗೆ ಉಪ್ಪು ಹಾಕುವ ಅಧಿಕಾರ ಕೂಡ ಅವಳಿಗಿರಲಿಲ್ಲವಂತೆ. ಡನ್‌ಕೆರಿಯ ನಾಲ್ಕು ಉರಿಯ ಒಲೆ, ಹಿತ್ತಿಲಿಗೆ ತೆರೆಯುವ ಕಿಟಕಿ, ಕಾಲಿಗೆ ತಣ್ಣಗೆ ತಾಗುವ ಹಳದಿ ನೆಲ, ಎಲ್ಲವೂ ಅವಳದೇ. ಒಗ್ಗರಣೆ ಹಾಕಿದಾಗಲೆಲ್ಲ ಹೊಗೆಯ ಅಲಾರಂ ಕಿರುಚಿಕೊಳ್ಳುತ್ತಿತ್ತು. ನಾನು ಮೊರ ಹಿಡಿದು ಅದರ ಕೆಳಗೆ ಗಾಳಿ ಬೀಸಬೇಕು. ಅದೇ ನನ್ನ ಮೊದಲ ಉದ್ಯೋಗ. ಟವೆಲ್ ಇಡುವ ಬೀರು ದೇವರ ಮನೆಯಾಗಿತ್ತು. ಹೊರಗಿನ ಕೋಣೆಯ ಸೋಫಾದ ಪ್ಲಾಸ್ಟಿಕ್ ಹೊದಿಕೆಯನ್ನು ಬೇರೆ ಊರುಗಳಿಂದ ಕನ್ನಡದವರು ಬಂದಾಗ ಮಾತ್ರ ತೆಗೆಯುತ್ತಿದ್ದೆವು. ಡಬ್ಬಿಯಲ್ಲಿ ಬರುವ ಗೋಧಿ ರವೆಯಿಂದ ಉಪ್ಪಿಟ್ಟು, ಅಂಗಡಿಯ ಮಜ್ಜಿಗೆಯಿಂದ ಮಜ್ಜಿಗೆಹುಳಿ. ಬೇಳೆ, ಹುಣಸೆಹಣ್ಣು, ಇಂಗು ಬೇಕಾದರೆ ಶಿಕಾಗೋಗೆ ಹೋಗಿ ಆರು ತಿಂಗಳಿಗಾಗುವಷ್ಟು ತುಂಬಿಕೊಂಡು ಬರುತ್ತಿದ್ದೆವು. ಒಂದು ಸಲ ನೋರಾ ಆಂಟಿ, ಈಸ್ಟರ್‌ಗೆ ಮುಂಚಿನ ಶುಕ್ರವಾರಗಳಂದು ತಾವೂ ಮಾಂಸ ತಿನ್ನುವುದಿಲ್ಲ ಎಂದು ಹೇಳಿ ನಮ್ಮನ್ನು ಹಾಲ್‌ನ ಊಟಕ್ಕೆ ಕರೆದರು. ಅಮ್ಮ ಮಡಿ ಸೀರೆಯಂಥದ್ದನ್ನೇ ಉಟ್ಟು ಹೋದಳು. ತಟ್ಟೆಯ ತುಂಬ ಕರಿದ ಮೀನು ಬಂತು.

"ಮೀನು ಮಾಂಸ ಅಲ್ವಂತೆ ಕಣ್ರೀ!" ಎಂದು ಅಮ್ಮ ಅಪ್ಪನ ಕಿವಿಯಲ್ಲಿ ಹೇಳಿದಳು. "ಯಾವ ಶಾಸ್ತ್ರದಲ್ಲಿ ಬರೆದಿದೆ ಕೇಳಿ."

"ಕೋಸಂಬರಿ ಥರ ಏನೋ ಇದೆ. ಅದನ್ನ ತಿನ್ನು, ಸುಮ್ನಿರು," ಎಂದರು ಅಪ್ಪ.

ಮನೆಗೆ ಬಂದು ಮೂವರೂ ಮೊಸರನ್ನ ಕಲಸಿಕೊಂಡು ಹೊಟ್ಟೆ ಹಿಡಿದು ನಕ್ಕೆವು. ನಗುವುದು ಆ ಮನೆಯಲ್ಲಿ ಅಷ್ಟು ಸುಲಭವಾಗಿತ್ತು.

ನಾವು ಅಲ್ಲಿಗೆ ಬಂದ ವರ್ಷವೇ ಎದುರು ಮನೆಯ ಮುದುಕರೊಬ್ಬರು ತೀರಿಕೊಂಡಿದ್ದರು. ಆ ಮಧ್ಯಾಹ್ನ ಅಮ್ಮ ಕಿಟಕಿಯ ಹತ್ತಿರ ನಿಂತು ನನ್ನನ್ನು ಕರೆದಳು. ಊರಿನ ಹೆಂಗಸರು ಒಬ್ಬರ ಹಿಂದೆ ಒಬ್ಬರು ಆ ಮನೆಗೆ ಹೋಗುತ್ತಿದ್ದರು. ಎಲ್ಲರ ಕೈಯಲ್ಲೂ ಅಲ್ಯೂಮಿನಿಯಂ ಹಾಳೆ ಮುಚ್ಚಿದ ಒಂದೊಂದು ಅಗಲವಾದ ಗಾಜಿನ ಪಾತ್ರೆ. ಪಾತ್ರೆ ವಾಪಸು ಬರಲೆಂದು ಅದರ ತಳಕ್ಕೆ ಟೇಪ್ ಅಂಟಿಸಿ ಹೆಸರು ಬರೆದಿರುತ್ತಾರೆ ಎಂದು ನನಗೆ ಆಮೇಲೆ ತಿಳಿಯಿತು. ಅಮ್ಮನ ಮುಖದಲ್ಲಿ ಮೆಚ್ಚುಗೆ ಇತ್ತು.

"ನೋಡು ಪುಟ್ಟಿ, ಸಾವಿನ ಮನೇಲಿ ಒಲೆ ಹಚ್ಚಬಾರ್ದು ಅಂತ ಇವರಿಗೂ ಗೊತ್ತು. ನಮ್ಮಲ್ಲೂ ಹಂಗೇ, ಅಕ್ಕಪಕ್ಕದವರೇ ಅನ್ನ ಸಾರು ಕಳಿಸೋದು. ಎಲ್ಲಾ ಕಡೆ ಮನುಷ್ಯರು ಒಂದೇ ಕಣೆ."

ಎಲ್ಲ ಕಡೆ ಮನುಷ್ಯರು ಒಂದೇ ಎಂದು ಅಂದುಕೊಂಡದ್ದೇ ನಮಗೆ ಮುಳುವಾಯಿತು. ನೋಡಿದ್ದನ್ನು ಅಮ್ಮ ತನ್ನ ಊರಿನ ಲೆಕ್ಕದಲ್ಲೇ ಅರ್ಥ ಮಾಡಿಕೊಂಡಳು. ಮುಚ್ಚಿದ ಪಾತ್ರೆ ಬಾಗಿಲಿಗೆ ಬಂತೆಂದರೆ ಆ ಮನೆಯಲ್ಲಿ ಹೆಣ ಇದೆ ಎಂದು ಅವಳ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತು.

ಮಂದಿಯ ಕೈಯಲ್ಲಿ ಹೊಸ ಕಾರು ಕೊಳ್ಳಲಾಗದ ಕಾಲ ಬಂದಾಗ ನನಗೆ ಒಂಬತ್ತೋ ಹತ್ತೋ ವರ್ಷ. ಕಾರ್ಖಾನೆಯಲ್ಲಿ ಮೊದಲು ರಾತ್ರಿ ಪಾಳಿ ನಿಂತಿತು, ಆಮೇಲೆ ಸಂಜೆಯ ಪಾಳಿ. ಪ್ರೆಸ್ ಓಡದಿದ್ದರೆ ಅದರ ಅಚ್ಚಿನ ನಕ್ಷೆ ಮಾಡುವ ಇಂಜಿನಿಯರಿಗೇನು ಕೆಲಸ? ಗಣೇಶನ ಹಬ್ಬ ಕಳೆದ ಮಾರನೆಯ ವಾರ ನಾನು ಶಾಲೆಯಿಂದ ಬಂದಾಗ ಅಪ್ಪನ ಕಾರು ಗರಾಜಿನಲ್ಲಿತ್ತು, ಅಪ್ಪ ಕಾರಿನೊಳಗೇ ಕೂತಿದ್ದರು. ಅವರ ತೊಡೆಯ ಮೇಲೆ ಆಫೀಸಿನ ಮೇಜಿನಿಂದ ಎತ್ತಿಕೊಂಡು ಬಂದ ಸಾಮಾನಿನ ರಟ್ಟಿನ ಡಬ್ಬಿ. ನಾನು ಗಾಜು ತಟ್ಟಿದೆ.

"ಡ್ಯಾಡಿ, ವೈ ಆರ್ ಯೂ ಹೋಮ್?"

"ಲೇ ಆಫ್ ಮಾಡಿದ್ರು ಪುಟ್ಟಿ," ಎಂದರು ಅಪ್ಪ. "ಒಳಗೆ ಹೋಗು. ನಾನು ಬರ್ತೀನಿ."

ಅವರು ಒಳಗೆ ಬಂದದ್ದು ಕತ್ತಲಾದ ಮೇಲೆ.

ಅಂದಿನಿಂದ ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ಪ್ರಶ್ನೆ. ಅಪ್ಪನಿಗೆ ಕೆಲಸ ಸಿಕ್ಕರೆ ಈ ಮನೆ ಉಳಿಯುತ್ತದೆ, ಇಲ್ಲದಿದ್ದರೆ ಬ್ಯಾಂಕಿನ ಪಾಲು. ಯಾರೂ ಅದನ್ನು ನನ್ನ ಎದುರು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಅಮ್ಮ ಮಹಡಿಯ ಕೋಣೆಗಳ ಬಾಗಿಲು ಮುಚ್ಚಿ, ಹೀಟರನ್ನು ಐವತ್ತೆಂಟು ಡಿಗ್ರಿ ಫ್ಯಾರನ್‌ಹೀಟಿಗೆ ಇಳಿಸಿದಳು. ನಾವು ಅಡುಗೆಮನೆಯಲ್ಲೇ ಸ್ವೆಟರ್ ಹಾಕಿಕೊಂಡು ಬದುಕತೊಡಗಿದೆವು. ಅಪ್ಪ ಪ್ರತಿದಿನ ಬೆಳಿಗ್ಗೆ ಕ್ಷೌರ ಮಾಡಿಕೊಂಡು, ಟೈ ಕಟ್ಟಿಕೊಂಡು ಬೇಸ್‌ಮೆಂಟಿಗೆ ಇಳಿಯುತ್ತಿದ್ದರು. ಕೆಲಸದ ಅರ್ಜಿ ಬರೆಯಲು ಅಲ್ಲೊಂದು ಟೈಪ್‌ರೈಟರ್. ಅದರ ಸದ್ದು ಮೊದಮೊದಲು ದಿನವಿಡೀ ಕೇಳುತ್ತಿತ್ತು. ಬರಬರುತ್ತ ಕಡಿಮೆಯಾಗಿ ಕೊನೆಗೆ ನಿಂತೇಹೋಯಿತು. ಆದರೂ ಅವರು ಇಳಿದು ಹೋಗುವುದು ನಿಲ್ಲಲಿಲ್ಲ. ಊಟಕ್ಕೆ ಕರೆಯಲು ಹೋದರೆ ದೀಪ ಹಾಕದೆ ಕೂತಿರುತ್ತಿದ್ದರು. ಕನ್ನಡದವರಿಗೆ ವಿಷಯ ತಿಳಿಯಬಾರದು ಎಂದು ಅಮ್ಮ ನನ್ನ ಬಾಯಿಗೆ ಬೀಗ ಹಾಕಿದ್ದಳು. ಟ್ರಾಯ್ ಊರಿನಿಂದ ಧಾರವಾಡದ ಶಾಂತಾ ಆಂಟಿ ಫೋನು ಮಾಡಿ "ಎಲ್ಲಾರೂ ಆರಾಮ ಅದೀರಿಲ್ಲೋ? ಶೇಷಾದ್ರಿಯವರ ಕೆಲಸ ಹೆಂಗ ನಡದದ?" ಎಂದು ಕೇಳಿದರೆ, ಅಮ್ಮ "ಚೆನ್ನಾಗಿ ನಡೀತಿದೆ, ತುಂಬಾ ಬಿಜಿ, ಮನೇಲೇ ಇರಲ್ಲ" ಎನ್ನುತ್ತಿದ್ದಳು. ಆಮೇಲೆ ಸಿಂಕಿನ ನಲ್ಲಿ ಬಿಟ್ಟು, ಪಾತ್ರೆ ಇಲ್ಲದಿದ್ದರೂ ತೊಳೆಯುತ್ತ ನಿಲ್ಲುತ್ತಿದ್ದಳು.

ಅಕ್ಟೋಬರಿನ ಒಂದು ಶನಿವಾರ ಮಧ್ಯಾಹ್ನ ಬಾಗಿಲ ಗಂಟೆ ಹೊಡೆಯಿತು. ನಾನೇ ಓಡಿಹೋಗಿ ತೆಗೆದೆ. ನೋರಾ ಆಂಟಿ ನಿಂತಿದ್ದರು. ಅವರ ಹಿಂದೆ ರಸ್ತೆಯ ಇನ್ನಿಬ್ಬರು ಹೆಂಗಸರು. ಮೂವರ ಕೈಯಲ್ಲೂ ಮುಚ್ಚಿದ ಪಾತ್ರೆ. ನೋರಾ ಆಂಟಿ ನನಗೆ ಕಣ್ಣು ಹೊಡೆದು, ಒಳಗಿರುವುದು ಬರೀ ಆಲೂಗಡ್ಡೆ, ಎಲೆಕೋಸು, ಬೆಣ್ಣೆ, ಮೂಳೆಯ ವಾಸನೆ ಕೂಡ ತಾಗಿಸಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಬಿಸಿ ಬೆಣ್ಣೆಯ ಘಮ ನನ್ನ ಮೂಗಿಗೆ ಬಂತು. ಅಷ್ಟರಲ್ಲಿ ಅಮ್ಮ ನನ್ನ ಭುಜ ಹಿಡಿದು ಹಿಂದಕ್ಕೆ ಸರಿಸಿದಳು.

"ನೋ," ಎಂದಳು ಅಮ್ಮ. "ನೋ ನೀಡ್. ವಿ ಆರ್ ಕುಕಿಂಗ್. ಎವೆರಿ ಡೇ ವಿ ಆರ್ ಕುಕಿಂಗ್."

ನೋರಾ ಆಂಟಿ ಪಾತ್ರೆಯನ್ನು ಇನ್ನಷ್ಟು ಮುಂದೆ ಚಾಚಿ, ಶೇಷಾದ್ರಿಯವರಿಗೆ ಒಂದು ಮಾತು ಹೇಳುವುದಿತ್ತು ಎಂದು ಶುರು ಮಾಡಿದರು. ಅಮ್ಮ ಬಾಗಿಲು ಹಾಕಿಬಿಟ್ಟಳು. ಬಾಗಿಲ ಗಾಜಿನಾಚೆ ಮೂವರು ಹೆಂಗಸರು ಮೆಲ್ಲನೆ ಮೆಟ್ಟಿಲಿಳಿದು ಹೋದರು. ಅಮ್ಮ ಬೇಸ್‌ಮೆಂಟಿನ ಮೆಟ್ಟಿಲ ತುದಿಯಲ್ಲಿ ನಿಂತು ಕೆಳಗಿನ ಕತ್ತಲೆಗೆ ಕೂಗಿದಳು:

"ಯಾರು ಸತ್ತಿದಾರ್ರೀ ಈ ಮನೇಲಿ? ಹೇಳಿ! ನೀವು ಕೆಳಗೆ ಬದುಕಿದೀರ ತಾನೆ? ಕೆಲಸ ಹೋದ್ರೆ ನನ್ನ ಗಂಡ ಸತ್ತ ಅಂತ ಲೆಕ್ಕಾನಾ ಇವರಿಗೆ?"

ಅಮ್ಮ ಒಂದು ಬಕೆಟ್ ನೀರು ತಂದು ಮುಂಬಾಗಿಲ ಮೆಟ್ಟಿಲು ತೊಳೆದು, ಹೊಸದಾಗಿ ರಂಗೋಲಿ ಹಾಕಿದಳು. ಪಕ್ಕದ ಮನೆಯ ಕಿಟಕಿಯ ಪರದೆ ಒಮ್ಮೆ ಅಲುಗಾಡಿತು. ತಾವು ನಿಂತಿದ್ದ ಜಾಗವನ್ನು ಅಮ್ಮ ತೊಳೆಯುವುದನ್ನು ನೋರಾ ಆಂಟಿ ನೋಡಿದರು ಎಂದು ನನಗೆ ಈಗಲೂ ಅನುಮಾನವಿಲ್ಲ. ಅಮ್ಮನಿಗಿದ್ದದ್ದು ಗಂಡನ ಪ್ರಾಣದ ಭಯ, ಅವರಿಗೆ ಕಂಡದ್ದು ತಿರಸ್ಕಾರ. ನಾನು ಶಾಲೆ ಬಿಟ್ಟು ಬಂದಾಗ ನೋರಾ ಆಂಟಿ ಹಿತ್ತಿಲಿನಿಂದ ಕೈ ಬೀಸುತ್ತಿದ್ದರು, ಒಳಗೆ ಬಾ ಎಂದು ಮಾತ್ರ ಕರೆಯಲಿಲ್ಲ. ಆ ರಸ್ತೆಯ ಯಾವ ಮನೆಯಿಂದಲೂ ಆಮೇಲೆ ಯಾರೂ ನಮ್ಮ ಗಂಟೆ ಬಾರಿಸಲಿಲ್ಲ. ನಮ್ಮನ್ನು ನಮ್ಮ ಪಾಡಿಗೆ ಬಿಟ್ಟರು. ಒಳ್ಳೆಯ ಜನ ಹಾಗೆಯೇ ಮಾಡುತ್ತಾರೆ, ಬೇಡ ಎಂದವರನ್ನು ಮತ್ತೆ ಪೀಡಿಸುವುದಿಲ್ಲ. ಅದಕ್ಕಿಂತ ಕೆಟ್ಟವರಾಗಿದ್ದರೆ ನಾವು ಬದುಕಿಕೊಳ್ಳುತ್ತಿದ್ದೆವೇನೋ.

ಕ್ರಿಸ್‌ಮಸ್‌ಗೆ ಮುಂಚೆ ಕಾರ್ಖಾನೆಯನ್ನು ಪೂರ್ತಿ ಮುಚ್ಚಿದರು. ಸುದ್ದಿ ಟಿವಿಯಲ್ಲಿ ಬಂದದ್ದು ಬೇರೆ ಮಾತು, ನಮಗೆ ತಿಳಿದದ್ದು ಸದ್ದಿನಿಂದ. ಪ್ರೆಸ್ ಬೀಳುವಾಗ ಊರಿನ ನೆಲವೆಲ್ಲ ಸಣ್ಣಗೆ ಅದುರುತ್ತಿತ್ತು, ಬೀರುವಿನ ಸ್ಟೀಲ್ ಲೋಟಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ಅದು ನಿಂತ ಮೇಲೆಯೇ ಇಷ್ಟು ದಿನ ಅದು ಇತ್ತು ಎನ್ನುವುದು ಗೊತ್ತಾದದ್ದು. ಆ ವಾರದಲ್ಲೇ ಒಂದು ಮಧ್ಯಾಹ್ನ, ಪಾತ್ರೆ ತೊಳೆಯುತ್ತಿದ್ದ ಅಮ್ಮ ಕಿಟಕಿಯಾಚೆ ನೋಡಿ "ಅಯ್ಯೋ ರಾಮಾ" ಎಂದಳು. ಹಿಮದಲ್ಲಿ ಹೆಜ್ಜೆ ಊರಿಕೊಂಡು ಐದಾರು ಹೆಂಗಸರು ನೋರಾ ಆಂಟಿಯ ಮನೆಗೆ ಹೋಗುತ್ತಿದ್ದರು. ಎಲ್ಲರ ಕೈಯಲ್ಲೂ ಮುಚ್ಚಿದ ಪಾತ್ರೆ.

"ಟಾಮ್ ಹೋಗ್ಬಿಟ್ರು ಕಣ್ರೀ!" ಎಂದು ಅಮ್ಮ ಕೂಗಿಕೊಂಡಳು. "ಕಾರ್ಖಾನೆ ಮುಚ್ಚಿದ್ದು ಎದೆಗೆ ಹತ್ಕೊಂಡಿರಬೇಕು. ಎದ್ದೇಳಿ, ಟೈ ಬಿಚ್ಚಿ, ಬೇರೆ ಷರ್ಟ್ ಹಾಕ್ಕೊಳ್ಳಿ. ಏನೇ ಆಗಿರಲಿ, ಸಾವಿನ ಮನೆಗೆ ಹೋಗದೆ ಇರೋಕಾಗುತ್ತಾ?"

ಅವಳ ಕಣ್ಣಲ್ಲಿ ನೀರು ಧಾರಾಕಾರವಾಗಿ ಸುರಿಯುತ್ತಿತ್ತು. ಹಳೆಯ ಹತ್ತಿ ಸೀರೆ ಉಟ್ಟಳು. ವಾಪಸು ಬಂದು ಏನನ್ನೂ ಮುಟ್ಟದೆ ನೇರ ಸ್ನಾನಕ್ಕೆ ಹೋಗಬೇಕಲ್ಲ, ಅದಕ್ಕೆ ಮೂವರ ಒಗೆದ ಬಟ್ಟೆ, ಟವೆಲ್ ಎಲ್ಲ ತಂದು ಗರಾಜಿನ ಬಾಗಿಲ ಒಳಗೆ ಜೋಡಿಸಿಟ್ಟಳು. ಅಲ್ಲಿ ನೀರು ಕೂಡ ಕುಡಿಯಬಾರದು, ಹೊರಡುವಾಗ "ಬರ್ತೀವಿ" ಅನ್ನಬಾರದು ಎಂದು ನನಗೆ ಹೇಳಿಕೊಟ್ಟಳು. ಮೂವರೂ ತಲೆ ತಗ್ಗಿಸಿಕೊಂಡು ಹಿಮ ತುಳಿದು ಹೋದೆವು. ಅಪ್ಪ ಗಂಟೆ ಒತ್ತಿದರು.

ಬಾಗಿಲು ತೆಗೆದದ್ದು ಟಾಮ್ ಅಂಕಲ್. ಕೈಯಲ್ಲಿ ಕಾಫಿ ಮಗ್, ಕಾಲಲ್ಲಿ ಮನೆಯೊಳಗೆ ಹಾಕುವ ಉಣ್ಣೆಯ ಚಪ್ಪಲಿ.

ಅಮ್ಮನ ಬಾಯಿಂದ ಒಂದು ವಿಚಿತ್ರ ಸದ್ದು ಬಂತು. ಅಪ್ಪ ಟಾಮ್ ಅಂಕಲ್ ಅವರ ಕೈ ಹಿಡಿದುಕೊಂಡು ಕುಲುಕುತ್ತಲೇ ಇದ್ದರು. ಒಳಗೆ ಮೇಜಿನ ತುಂಬ ಪಾತ್ರೆಗಳು. ಹೆಂಗಸರು ಮಾತು ನಿಲ್ಲಿಸಿ ನಮ್ಮ ಕಡೆ ತಿರುಗಿದರು. ನೋರಾ ಆಂಟಿ ಎದ್ದು ಬಂದು ಅಮ್ಮನ ಒದ್ದೆ ಮುಖವನ್ನು ನೋಡಿದರು. ಯಾರು ಸತ್ತರು ಎಂದು ನಮ್ಮನ್ನೇ ಕೇಳಿದರು. ಅಮ್ಮ ಬೆರಳಿನಿಂದ ಪಾತ್ರೆಗಳನ್ನು ತೋರಿಸಿದಳು. ಇದು ಸಾವಿನ ಊಟ ಎಂದು ಅಂದುಕೊಂಡಿದ್ದೆವು ಎಂದು ಅಪ್ಪನೇ ಬಿಡಿಸಿ ಹೇಳಿದರು. ಯಾರೂ ನಗಲಿಲ್ಲ. ನೋರಾ ಆಂಟಿ ತುಂಬ ಮೆಲ್ಲಗೆ, ಚಿಕ್ಕ ಮಕ್ಕಳಿಗೆ ಹೇಳುವ ಹಾಗೆ ವಿವರಿಸಿದರು. ಊರು ಕಟ್ಟಿದವರ ಮೊದಲ ಚಳಿಗಾಲದಿಂದಲೂ ಹೀಗೇ ಅಂತೆ. ಬೆಳಿಗ್ಗೆ ಯಾರ ಮನೆಯ ಚಿಮಣಿಯಿಂದ ಹೊಗೆ ಏಳಲಿಲ್ಲವೋ ಅಲ್ಲಿಗೆ ಉಳಿದವರು ಊಟ ಒಯ್ಯಬೇಕು. ಸಾವೋ, ಕಾಯಿಲೆಯೋ, ಬರೀ ಬಡತನವೋ ಎಂದು ಕೇಳಬಾರದು. ಇವತ್ತು ಉಂಡವರು ನಾಳೆ ಇನ್ನೊಬ್ಬರಿಗೆ ಒಯ್ಯುತ್ತಾರೆ. ಊಟದ ಜೊತೆಗೆ ಎಲ್ಲಿ ಕೆಲಸವಿದೆ, ಎಲ್ಲಿ ಏನು ಸಿಗುತ್ತದೆ ಎನ್ನುವ ಸುದ್ದಿಯೂ ಮನೆಯಿಂದ ಮನೆಗೆ ಹೋಗುತ್ತದೆ.

ಆಗ ಟಾಮ್ ಅಂಕಲ್ ಅಪ್ಪನ ಕಡೆ ತಿರುಗಿ ಹೇಳಿದ ಮಾತಿನಲ್ಲಿ ದೂರು ಇರಲಿಲ್ಲ, ಬೇಸರವಿತ್ತು ಅಷ್ಟೇ. ನೋರಾಳ ತಮ್ಮ ಕೆಲಸ ಮಾಡುವ ಕಡೆ ಅಚ್ಚಿನ ಕೆಲಸ ಬಲ್ಲ ಇಂಜಿನಿಯರೊಬ್ಬರು ಬೇಕಾಗಿತ್ತು, ಇಲ್ಲಿಂದ ಅರ್ಧ ಗಂಟೆಯ ದಾರಿ, ಅವತ್ತು ಅವಳು ಅದನ್ನು ಹೇಳಲೆಂದೇ ನಿಮ್ಮ ಬಾಗಿಲಿಗೆ ಬಂದಿದ್ದಳು. ಅಮ್ಮ ಅಪ್ಪನ ತೋಳು ಹಿಡಿದುಕೊಂಡಳು.

"ಈಗ?" ಎಂದು ಅಪ್ಪ ಕೇಳಿದರು.

ಟಾಮ್ ಅಂಕಲ್ ತಲೆ ಅಲ್ಲಾಡಿಸಿದರು. ಅಕ್ಟೋಬರಿನ ಆ ವಾರವೇ ಬೇರೆಯವರನ್ನು ತೆಗೆದುಕೊಂಡಿದ್ದರು.

ನಾವು ಮನೆಗೆ ಬಂದೆವು. ಗರಾಜಿನಲ್ಲಿ ಜೋಡಿಸಿಟ್ಟ ಬಟ್ಟೆಗಳನ್ನು ನೋಡಿದ್ದೇ ಅಪ್ಪನಿಗೆ ನಗು ಬಂತು. ನಗುತ್ತ ನಗುತ್ತ ಗೋಡೆಗೆ ಒರಗಿಕೊಂಡರು. ಆ ನಗು ಕೇಳಿ ನನಗೆ ಭಯವಾಯಿತು.

"ಬೈರಿ ನನ್ನ," ಎಂದಳು ಅಮ್ಮ. "ಬಾಯಿ ತುಂಬ ಬೈರಿ. ನಿಮ್ಮ ಕೆಲಸ ನಾನೇ ಕೈಯ್ಯಾರೆ ಬಾಗಿಲಿಂದ ಆಚೆ ಹಾಕ್ದೆ."

"ಬೈದ್ರೆ ಏನ್ ಬರುತ್ತೆ ಜಯಾ?"

"ಬೈದ್ರೆ ನನಗೆ ಸಮಾಧಾನ ಆಗುತ್ತೆ."

"ಅದು ಊಟ ಕಣೆ," ಎಂದರು ಅಪ್ಪ, ಕಣ್ಣು ಒರೆಸಿಕೊಳ್ಳುತ್ತ. "ಬರೀ ಊಟ."

ಅಪ್ಪ ಅವತ್ತೂ ಬೈಯಲಿಲ್ಲ, ಆಮೇಲೆ ಸಾಯುವ ತನಕ ಒಂದು ದಿನವೂ ಆ ಮಾತು ಎತ್ತಲಿಲ್ಲ. ಅವರು ಬೈದುಬಿಡಬೇಕಿತ್ತು. ಜಗಳವಾಡಿ, ತಟ್ಟೆ ಎಸೆದು, ಮಾರನೆಯ ದಿನ ರಾಜಿಯಾಗುವ ಮನೆಗಳು ನನಗೆ ಆಮೇಲೆ ಎಷ್ಟೋ ಪರಿಚಯವಾದವು. ಅವುಗಳ ಮೇಲೆ ನನಗೆ ಹೊಟ್ಟೆಕಿಚ್ಚು. ನಮ್ಮ ಮನೆಯಲ್ಲಿ ಯಾರೂ ಯಾರನ್ನೂ ದೂರದೆ, ಎಲ್ಲರೂ ತಮ್ಮ ತಮ್ಮಲ್ಲೇ ಕುಗ್ಗಿದರು. ನಾನು ಇವತ್ತಿಗೂ ಯಾರದಾದರೂ ಮನೆಯ ಗಂಟೆ ಒತ್ತುವ ಮುನ್ನ ಕೈ ಎತ್ತಿ ಹಿಡಿದು ಸುಮ್ಮನೆ ನಿಲ್ಲುತ್ತೇನೆ. ಎಷ್ಟೋ ಸಲ ಒತ್ತದೆ ವಾಪಸು ಬಂದಿದ್ದೇನೆ. ನನ್ನ ಗಂಡನಿಗೆ ಇದು ತಮಾಷೆ.

ಜನವರಿಯಲ್ಲಿ ಅಪ್ಪನಿಗೆ ಶಿಕಾಗೋ ಪಕ್ಕದ ಡೆಸ್ ಪ್ಲೇನ್ಸ್‌ನಲ್ಲಿ, ವಿಮಾನ ನಿಲ್ದಾಣದ ಪಕ್ಕದ ಒಂದು ಗೋಡೌನಿನಲ್ಲಿ ಕೆಲಸ ಸಿಕ್ಕಿತು. ಬಂದ ಪೆಟ್ಟಿಗೆಗಳನ್ನು ಯಾವ ವಿಮಾನಕ್ಕೆ ಎಂದು ಬೇರೆ ಬೇರೆ ಮಾಡಿಸುವ ಕೆಲಸ. ಕಾರಿನ ಬಾಗಿಲಿಗೆ ಅಚ್ಚು ಮಾಡುತ್ತಿದ್ದ ಮನುಷ್ಯ. ಅಲ್ಲೇ ಹತ್ತಿರದ ಸ್ಕೋಕಿಯಲ್ಲಿ ಒಂದು ಕೋಣೆ ಹಿಡಿದು ಒಬ್ಬರೇ ಇದ್ದರು. ಹಿಮ ಬೀಳದ ವಾರ ಡ್ರೈವ್ ಮಾಡಿಕೊಂಡು ಬರುತ್ತಿದ್ದರು. ಅಮ್ಮ ಮತ್ತು ನಾನು ಡನ್‌ಕೆರಿಯ ತಣ್ಣಗಿನ ಅಡುಗೆಮನೆಯಲ್ಲಿ ಉಳಿದೆವು. ಪ್ರತಿ ವಾರವೂ ಅಮ್ಮ "ಈ ಶುಕ್ರವಾರ ಏನಾದ್ರೂ ಮಾಡ್ಕೊಂಡು ನೋರಾ ಮನೆಗೆ ಹೋಗ್ತೀನಿ" ಎನ್ನುತ್ತಿದ್ದಳು. ಎರಡು ಸಲ ಚಿತ್ರಾನ್ನ ಮಾಡಿದ್ದೂ ಉಂಟು. ಮಾಡಿದ ಮೇಲೆ ರುಚಿ ನೋಡಿ, ಕಿಟಕಿಯಿಂದ ಪಕ್ಕದ ಮನೆಯನ್ನು ನೋಡಿ, ಯಾವ ಮುಖ ಇಟ್ಕೊಂಡು ಹೋಗಲಿ ಎಂದು ನಮ್ಮ ತಟ್ಟೆಗೇ ಬಡಿಸುತ್ತಿದ್ದಳು. ಬೀದಿಯಲ್ಲಿ ಮನೆ ಮಾರಾಟಕ್ಕಿದೆ ಎನ್ನುವ ಹಲಗೆಗಳು ಹಿಮದಲ್ಲಿ ನೆಟ್ಟುಕೊಳ್ಳುತ್ತ ಹೋದವು. ಟೆಕ್ಸಸ್‌ನಲ್ಲಿ ಕೆಲಸವಿದೆಯಂತೆ ಎಂದು ಶಾಲೆಯಲ್ಲಿ ಮಕ್ಕಳು ಹೇಳುತ್ತಿದ್ದರು. ನನ್ನ ತರಗತಿಯ ಕುರ್ಚಿಗಳು ಒಂದೊಂದಾಗಿ ಖಾಲಿಯಾದವು. ಹಾಲ್‌ಗೆ ಬೀಗ ಬಿತ್ತು. ಅಷ್ಟು ವರ್ಷ ಕಷ್ಟಪಟ್ಟು ಬೆಳೆದ ಊರು ಒಂದು ಚಳಿಗಾಲದಲ್ಲಿ ಕರಗಿತು. ಆ ಮಾರ್ಚಿಯಲ್ಲಿ ಮೆರವಣಿಗೆ ಇರಲಿಲ್ಲ.

ನಮ್ಮ ಮನೆಯನ್ನೂ ಬ್ಯಾಂಕಿನವರು ಕೇಳಿದರು. ಅದನ್ನು ಬಿಟ್ಟುಕೊಡುವ ಮುಂಚೆ ಸ್ಕೋಕಿಯಲ್ಲಿ ಮನೆ ಹುಡುಕಲೆಂದು ನಾವು ಎರಡು ವಾರ ಅಪ್ಪನ ಕೋಣೆಯಲ್ಲಿ ಇದ್ದು, ಸಾಮಾನು ಕಟ್ಟಲು ಡನ್‌ಕೆರಿಗೆ ವಾಪಸು ಬಂದೆವು. ಹೊರಡುವ ದಿನ ಅಮ್ಮ ಬೆಳಿಗ್ಗೆಯೇ ಎದ್ದು, ಕಟ್ಟಿದ ಪೆಟ್ಟಿಗೆ ಬಿಚ್ಚಿ, ಬಿಸಿಬೇಳೆಬಾತ್ ಮಾಡಿದಳು. ಇದ್ದಬದ್ದ ಗೋಡಂಬಿಯನ್ನೆಲ್ಲ ಹುರಿದು ಹಾಕಿದಳು, ನೋರಾ ಆಂಟಿಗೆಂದು ಖಾರ ಕಡಿಮೆ ಮಾಡಿದಳು. ತನ್ನ ಒಂದೇ ಒಂದು ಗಾಜಿನ ಪಾತ್ರೆಗೆ ತುಂಬಿ, ಅಲ್ಯೂಮಿನಿಯಂ ಹಾಳೆ ಮುಚ್ಚಿ, ತಳಕ್ಕೆ ಟೇಪ್ ಅಂಟಿಸಿ ಹೆಸರು ಬರೆ ಎಂದು ನನಗೆ ಕೊಟ್ಟಳು. ಊರು ಬಿಟ್ಟು ಹೋಗುವವರಿಗೆ ಪಾತ್ರೆ ವಾಪಸು ಬರುವುದು ಹೇಗೆ ಎಂದು ಅವಳಿಗೂ ತೋಚಲಿಲ್ಲ, ನನಗೂ ತೋಚಲಿಲ್ಲ. ನಾನು ದಪ್ಪ ಅಕ್ಷರದಲ್ಲಿ ಜಯಾ ಎಂದು ಬರೆದೆ.

ಅಮ್ಮ ಗಂಟೆ ಒತ್ತಿದಳು. ಮತ್ತೆ ಒತ್ತಿದಳು. ನಾನು ಪಕ್ಕಕ್ಕೆ ಹೋಗಿ ಅಡುಗೆಮನೆಯ ಕಿಟಕಿಯಿಂದ ಇಣುಕಿದೆ. ಮೇಜು ಇರಲಿಲ್ಲ, ಸ್ಟೂಲು ಇರಲಿಲ್ಲ, ಗೋಡೆಯ ಮೇಲೆ ಶಿಲುಬೆ ತೆಗೆದ ಜಾಗ ಮಾತ್ರ ಬೆಳ್ಳಗಿತ್ತು. ನಾವು ಸ್ಕೋಕಿಯಲ್ಲಿದ್ದಾಗ ಅವರು ಹೋಗಿದ್ದರು. ಎಲ್ಲಿಗೆ ಎಂದು ನಮಗೆ ಹೇಳುವಷ್ಟು ಹತ್ತಿರದವರು ಆ ಬೀದಿಯಲ್ಲಿ ಯಾರೂ ಉಳಿದಿರಲಿಲ್ಲ.

"ಅಮ್ಮಾ, ದೇ ಆರ್ ಗಾನ್," ಎಂದೆ.

ಅಮ್ಮ ಅದರ ಪಕ್ಕದ ಮನೆಗೆ ಹೋದಳು. ಅದೂ ಖಾಲಿ. ಎದುರು ಮನೆಯ ಬಾಗಿಲಿಗೆ ಹಲಗೆ ಬಡಿದಿದ್ದರು. ಆ ರಸ್ತೆಯ ಕೊನೆಯವರೆಗೂ ಅವಳು ಬಿಸಿ ಪಾತ್ರೆಯನ್ನು ಸೆರಗಿನಲ್ಲಿ ಹಿಡಿದುಕೊಂಡು ಹೋಗಿ, ಹಾಗೆಯೇ ಹಿಡಿದುಕೊಂಡು ವಾಪಸು ಬಂದಳು. ಕಾರಿನ ಹತ್ತಿರ ನಿಂತಿದ್ದ ಅಪ್ಪ ಬಾಗಿಲು ತೆಗೆದರು.

ಮಿಷಿಗನ್ ದಾಟುವ ತನಕ ಪಾತ್ರೆ ಅಮ್ಮನ ತೊಡೆಯ ಮೇಲೇ ಇತ್ತು. ಕಾರಿನ ತುಂಬ ಇಂಗು, ತುಪ್ಪದ ವಾಸನೆ. ನನಗೆ ಹಸಿವಾಗುತ್ತಿತ್ತು, ಕೇಳಲು ಧೈರ್ಯವಾಗಲಿಲ್ಲ. ಇಂಡಿಯಾನಾದ ಹೆದ್ದಾರಿ ಬದಿಯ ಒಂದು ರೆಸ್ಟ್ ಏರಿಯಾದಲ್ಲಿ ಅಪ್ಪ ಕಾರು ನಿಲ್ಲಿಸಿ, ಎಂಜಿನ್ ಆರಿಸಿದರು. ಆಮೇಲೆ ಅಮ್ಮನ ತೊಡೆಯ ಮೇಲಿದ್ದ ಪಾತ್ರೆಯ ಹಾಳೆಯನ್ನು ಒಂದು ಮೂಲೆಯಿಂದ ಸರಿಸಿ, ಕೈಹಾಕಿ ಒಂದು ತುತ್ತು ತೆಗೆದು ಬಾಯಿಗಿಟ್ಟುಕೊಂಡರು. ಅನ್ನ ಆರಿ ಗಟ್ಟಿಯಾಗಿತ್ತು.

"ಚೆನ್ನಾಗಿದೆ ಜಯಾ," ಎಂದರು.

"ಅದು ನಿಮಗೆ ಮಾಡಿದ್ದಲ್ಲ ಕಣ್ರೀ."

"ಗೊತ್ತು," ಎಂದರು ಅಪ್ಪ. "ಇನ್ಯಾರಿದ್ದಾರೆ ತಿನ್ನೋಕೆ?"

ಅಮ್ಮ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ದೊಡ್ಡ ದನಿ ತೆಗೆದು ಅತ್ತಳು, ಸತ್ತವರ ಮನೆಯಲ್ಲಿ ಅಳುವ ಹಾಗೆ. ಪಕ್ಕದ ಕಾರಿನವರು ತಿರುಗಿ ನೋಡಿದರು. ಅಪ್ಪ ಇನ್ನೊಂದು ತುತ್ತು ತೆಗೆದು, ಹಿಂದೆ ಕೂತಿದ್ದ ನನ್ನ ಕಡೆ ಕೈ ಚಾಚಿದರು. ನಾನು ಬಾಯಿ ತೆರೆದೆ.